ಓದುಗರ ಪ್ರಶ್ನೆ: ‘ಸಾಲಿಡ್ ಏರ್’ನಲ್ಲಿ ಕೆಳಗಿನಿಂದ ಕೇಳುವ ಆ ಇನ್ನೊಂದು ದನಿ ಯಾರದು?

ಕಳೆದ ಸಂಚಿಕೆಯಲ್ಲಿ ಜಾನ್ ಮಾರ್ಟಿನ್ ಎಂಬ ಬ್ರಿಟಿಷ್ ಹಾಡುಗಾರರ ‘ಸಾಲಿಡ್ ಏರ್’ ಆಲ್ಬಮ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 1973ರಲ್ಲಿ ಬಂದದ್ದು, ಜಾನಪದ ಮತ್ತು ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಬಗೆ) ಎರಡೂ ಸೇರಿದ್ದು, ಆಟಿ ತಿಂಗಳ ರಾತ್ರಿ ಮಳೆ ಬೀಳುವಾಗ ಕೇಳಲು ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರಬಹುದು ಅಂದುಕೊಂಡಿರಲಿಲ್ಲ. ಹೆಚ್ಚಿನವು ನಮ್ಮ ಕಾಸರಗೋಡಿನ ಕಡೆಯವೇ. ಹಾಗಾಗಿ ಈ ಸಲದ ಪೂರ್ತಿ ಜಾಗ ಈ ಒಂದು ಆಲ್ಬಮ್‌ಗೆ.

ನೀವು ಬರೆದದ್ದು ಓದಿ ಮೊಬೈಲಿನಲ್ಲಿ ಹಾಕಿ ಕೇಳಿದೆ ಸರ್. ಮೊದಲ ಸಲ ಎಂತದೂ ಗೊತ್ತಾಗಲಿಲ್ಲ, ಶಬ್ದಗಳೆಲ್ಲ ಅವರ ಬಾಯೊಳಗೇ ಕರಗಿ ಹೋಗ್ತವೆ. ಆಮೇಲೆ ಇಯರ್‌ಫೋನ್ ಹಾಕಿದಾಗ ಹಾಡಿನ ಕೆಳಗೆ ಇನ್ನೊಬ್ಬರು ಯಾರೋ ಮಾತಾಡಿದ ಹಾಗೆ ಕೇಳಿತು. ದಪ್ಪ ದನಿ. ಅದು ಯಾವ ವಾದ್ಯ? ಯಾರು ನುಡಿಸಿದ್ದು?
– ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ

ನೀವು ಕೇಳಿದ್ದು ಡಬಲ್ ಬಾಸ್, ಆಳೆತ್ತರಕ್ಕಿಂತ ದೊಡ್ಡ ಪಿಟೀಲಿನ ಹಾಗೆ ಕಾಣುವ ವಾದ್ಯ. ನುಡಿಸಿದವರು ಡ್ಯಾನಿ ಥಾಂಪ್ಸನ್. ಇಯರ್‌ಫೋನ್ ಹಾಕಿದ ಮೇಲೆ ಕೇಳಿತು ಅಂದಿರಲ್ಲ, ಅದು ಸರಿಯೇ. ಆ ವಾದ್ಯದ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಮಾತ್ರ ಅದುರುತ್ತದೆ, ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಅಂದರೆ ಬರೀ ಮೊಬೈಲಿನಲ್ಲಿ ಕೇಳಿದವರು ಈ ಆಲ್ಬಮ್‌ನ ಅರ್ಧ ಮಾತ್ರ ಕೇಳಿದ್ದಾರೆ ಅಂತಲೇ ನನ್ನ ಲೆಕ್ಕ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಯಕ್ಷಗಾನದ ಆಟ ಶುರುವಾಗುವ ಮೊದಲು ಚೌಕಿಯ (ವೇಷ ಕಟ್ಟುವ ಜಾಗದ) ಬದಿಯಲ್ಲಿ ಒಮ್ಮೆ ನಿಂತು ನೋಡಿ. ಮದ್ದಳೆಗಾರರು ಮದ್ದಳೆಯ ಎಡಕ್ಕೆ ಬೋನ ಹಚ್ಚುತ್ತಾ ಇರುತ್ತಾರೆ. ಅನ್ನ ನುರಿದು ಮಾಡಿದ ಆ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ಸವರುವುದು, ಒಮ್ಮೆ ಬಡಿದು ಕಿವಿಗೊಡುವುದು, ಚೂರು ತೆಗೆಯುವುದು, ಮತ್ತೆ ಬಡಿಯುವುದು. ನೋಡುವವರಿಗೆ ಬೇಸರ ಬರಬಹುದು, ಅವರಿಗೆ ಬರುವುದಿಲ್ಲ. ಆಮೇಲೆ ರಂಗಸ್ಥಳದಲ್ಲಿ ಅವರು ಮದ್ದಳೆ ನೋಡುವುದೇ ಕಡಿಮೆ, ಕಣ್ಣು ಪೂರ್ತಿ ಭಾಗವತರ ಬಾಯಿಯ ಮೇಲೆ. ಭಾಗವತರು ಉಸಿರು ಎಳೆದುಕೊಂಡ ಕೂಡಲೇ ಇವರಿಗೆ ಮುಂದಿನದು ಗೊತ್ತು. ಪದ್ಯ ಎಲ್ಲಿ ನಿಲ್ಲುತ್ತದೋ ಅಲ್ಲಿ ಮದ್ದಳೆ ಮಾತು ಮುಂದುವರಿಸುತ್ತದೆ. ಮಾರ್ಟಿನ್ ಮತ್ತು ಡ್ಯಾನಿ ಇಬ್ಬರ ನಡುವೆ ಇದ್ದದ್ದು ಅದೇ ನೋಡಿ.

‘ಗೋ ಡೌನ್ ಈಸಿ’ ಅಂತ ಒಂದು ಹಾಡು ಉಂಟು ಇದರಲ್ಲಿ. ಒಂದು ಗಿಟಾರ್, ಒಂದು ಡಬಲ್ ಬಾಸ್, ಒಂದು ದನಿ, ಅಷ್ಟೇ. ಡ್ರಮ್ ಇಲ್ಲ, ತಾಳ ಹಿಡಿಯುವವರು ಯಾರೂ ಇಲ್ಲ. ಆದರೂ ಲಯ ಒಂದು ಕೂದಲೆಳೆಯಷ್ಟು ಜಾರುವುದಿಲ್ಲ. ಮಾರ್ಟಿನ್ ಒಂದು ಸಾಲನ್ನು ನಿಧಾನ ಎಳೆದು ಬಿಟ್ಟುಬಿಡುತ್ತಾರೆ, ಆಗ ಡ್ಯಾನಿ ಬೆರಳು ತಂತಿಯ ಮೇಲೆ ಜಾರಿಸಿ ಆ ಸಾಲನ್ನು ಕೆಳಗಿನಿಂದ ಎತ್ತಿಕೊಳ್ಳುತ್ತಾರೆ. ಬೆರಳು ಜಾರುವ ಸದ್ದೂ ಕೇಳುತ್ತದೆ, ಮರದ ಮೈ ಗುಂಯ್‌ಗುಡುವುದೂ ಕೇಳುತ್ತದೆ. ನಾನು ಈ ಹಾಡನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗಲೂ ಡ್ಯಾನಿಯವರ ಎರಡನೇ ಜಾರುವಿಕೆ ಬಂದಾಗ ಮೈ ಜುಂ ಅನ್ನುತ್ತದೆ.

ಡ್ಯಾನಿ ಆ ಹೊತ್ತಿಗೆ ಹೊಸಬರೇನಲ್ಲ. ಅಲೆಕ್ಸಿಸ್ ಕಾರ್ನರ್ ಅವರ ಬ್ಲೂಸ್ ತಂಡದಲ್ಲಿ ಪಳಗಿದವರು. 1967ರಲ್ಲಿ ಬರ್ಟ್ ಜಾನ್ಶ್, ಜಾನ್ ರೆನ್‌ಬೋರ್ನ್, ಜಾಕಿ ಮೆಕ್‌ಶೀ, ಟೆರಿ ಕಾಕ್ಸ್ ಜೊತೆ ಪೆಂಟಾಂಗಲ್ ತಂಡ ಕಟ್ಟಿದ ಐವರಲ್ಲಿ ಒಬ್ಬರು. ತಮ್ಮ ಬಾಸ್‌ಗೆ ‘ವಿಕ್ಟೋರಿಯಾ’ ಅಂತ ಹೆಸರಿಟ್ಟಿದ್ದರು, ಫ್ರಾನ್ಸಿನಲ್ಲಿ ಮಾಡಿದ ಹಳೇ ವಾದ್ಯ, ಜೀವನವಿಡೀ ಅದನ್ನು ಬಿಡಲಿಲ್ಲ. ಪೆಂಟಾಂಗಲ್ ಮುರಿದದ್ದೂ 1973ರ ಆರಂಭದಲ್ಲೇ, ‘ಸಾಲಿಡ್ ಏರ್’ ಬಂದದ್ದು ಅದೇ ವರ್ಷ ಫೆಬ್ರವರಿಯಲ್ಲಿ. ಮಾರ್ಟಿನ್ ಜೊತೆಗಿನ ಅವರ ಒಡನಾಟ ಆಮೇಲೂ ವೇದಿಕೆಯಲ್ಲಿ ಮುಂದುವರಿಯಿತು. 1975ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಕಛೇರಿಯೊಂದನ್ನು ರೆಕಾರ್ಡ್ ಮಾಡಿ ಮಾರ್ಟಿನ್ ತಾವೇ ಹೊರತಂದರು, ತಮ್ಮ ಮನೆಯಿಂದ ಅಂಚೆಯಲ್ಲಿ ಕಳಿಸಿ ಮಾರಿದರು. ಅದರಲ್ಲಿ ಡ್ಯಾನಿ ಮತ್ತು ಡ್ರಮ್ಮರ್ ಜಾನ್ ಸ್ಟೀವನ್ಸ್ ಇದ್ದಾರೆ. ‘ಸಾಲಿಡ್ ಏರ್’ ಹಿಡಿಸಿದರೆ ಮುಂದೆ ಅದನ್ನೇ ಕೇಳಿ.

ಉಳಿದ ಹಿಮ್ಮೇಳದವರನ್ನೂ ಹೇಳದೆ ಬಿಡಬಾರದು. ಡೇವ್ ಪೆಗ್, ಡೇವ್ ಮ್ಯಾಟಕ್ಸ್, ಸೈಮನ್ ನಿಕೋಲ್, ರಿಚರ್ಡ್ ಥಾಂಪ್ಸನ್ ನಾಲ್ವರೂ ಫೇರ್‌ಪೋರ್ಟ್ ಕನ್ವೆನ್ಶನ್ ಎಂಬ ಹೆಸರಾಂತ ಜಾನಪದ ರಾಕ್ ತಂಡದಲ್ಲಿ ನುಡಿಸಿದವರು (ರಿಚರ್ಡ್ ಮತ್ತು ಡ್ಯಾನಿ ಇಬ್ಬರೂ ಥಾಂಪ್ಸನ್, ಆದರೆ ಸಂಬಂಧಿಕರಲ್ಲ). ‘ಓವರ್ ದಿ ಹಿಲ್’ನಲ್ಲಿ ಚಿಟಪಟ ಹನಿ ಬಿದ್ದ ಹಾಗೆ ಕೇಳುವ ಮ್ಯಾಂಡೊಲಿನ್ ರಿಚರ್ಡ್ ಅವರದು, ಪಿಟೀಲು ಸೂ ಡ್ರಾಹೈಮ್ ಅವರದು. ಆ ಹಾಡು ರೈಲಿನಲ್ಲಿ ಮನೆಗೆ ಮರಳುವುದರ ಬಗ್ಗೆ. ಮಾರ್ಟಿನ್ ಆಗ ಹೇಸ್ಟಿಂಗ್ಸ್ ಎಂಬ ಕಡಲ ಬದಿಯ ಊರಿನಲ್ಲಿದ್ದರು. ಮಂಗಳೂರಿನಿಂದ ಸಂಜೆ ರೈಲಿನಲ್ಲಿ ಬರುವಾಗ ಕುಂಬಳೆ ಹೊಳೆಯ ಸೇತುವೆ ದಾಟಿದ ಕೂಡಲೇ ಜನ ಎದ್ದು ಬ್ಯಾಗ್ ಇಳಿಸಲು ಶುರು ಮಾಡ್ತಾರಲ್ಲ, ಆ ಹಾಡಿನಲ್ಲಿ ಇರುವುದು ಆ ಹೊತ್ತು. ಕೀಬೋರ್ಡ್ ಜಾನ್ ಬಂಡ್ರಿಕ್, ಎಲ್ಲರೂ ‘ರ‍್ಯಾಬಿಟ್’ ಅನ್ನುತ್ತಿದ್ದರು. ಸ್ಯಾಕ್ಸೊಫೋನ್ ಟೋನಿ ಕೋ, ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವಾದ್ಯ) ಟ್ರಿಸ್ಟನ್ ಫ್ರೈ, ಕೋಂಗಾ ಎಂಬ ಉದ್ದದ ಡ್ರಮ್ ಘಾನಾ ದೇಶದ ಸ್ಪೀಡಿ ಅಕ್ವಾಯೆ.

ಶೀರ್ಷಿಕೆಯ ಹಾಡು ಒಬ್ಬ ಗೆಳೆಯನಿಗಾಗಿ ಬರೆದದ್ದು ಅಂತ ಕೇಳಿದ್ದೇನೆ. ಆತ ತೀರಿಹೋದ ಮೇಲೆ ಬರೆದದ್ದಾ?
– ಒಬ್ಬ ಓದುಗ, ಮುಳ್ಳೇರಿಯ

ಅಲ್ಲ, ಬದುಕಿದ್ದಾಗಲೇ. ಗೆಳೆಯನ ಹೆಸರು ನಿಕ್ ಡ್ರೇಕ್. ಮೂರೇ ಆಲ್ಬಮ್ ಮಾಡಿದ ಹಾಡುಗಾರ, ಬದುಕಿದ್ದಾಗ ಅವು ಹೆಚ್ಚು ಮಾರಾಟವಾಗಲಿಲ್ಲ. ಮಾತು ಕಡಿಮೆ, ಆಮೇಲಾಮೇಲೆ ಖಿನ್ನತೆ ಜಾಸ್ತಿಯಾಗುತ್ತಾ ಹೋಯಿತು. ಹಾಡು ಬಂದು ಎರಡು ವರ್ಷ ತುಂಬುವ ಮೊದಲೇ, 1974ರ ನವೆಂಬರ್ 25ರಂದು, 26ರ ಪ್ರಾಯದಲ್ಲಿ ತೀರಿಹೋದರು.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ ವಿಷಯ ಬೇರೆ. ನಿಕ್ ಅವರ ಮೊದಲ ಆಲ್ಬಮ್‌ನಲ್ಲಿ (1969) ಬಾಸ್ ನುಡಿಸಿದವರು ಇದೇ ಡ್ಯಾನಿ ಥಾಂಪ್ಸನ್. ‘ಸಾಲಿಡ್ ಏರ್’ಅನ್ನು ಮಾರ್ಟಿನ್ ಜೊತೆ ಸೇರಿ ನಿರ್ಮಿಸಿದ ಜಾನ್ ವುಡ್, ನಿಕ್ ಅವರ ಮೂರೂ ಆಲ್ಬಮ್ ರೆಕಾರ್ಡ್ ಮಾಡಿದವರು. ಮೂರನೆಯದಕ್ಕೆ ನಿಕ್ ಒಬ್ಬರೇ ಗಿಟಾರ್ ಹಿಡಿದು ಬಂದಾಗ ಸ್ಟುಡಿಯೋದಲ್ಲಿ ಇದ್ದದ್ದು ಇವರಿಬ್ಬರೇ. ಅಂದರೆ ಹಾಡಿದವರು, ನುಡಿಸಿದವರು, ಗಾಜಿನ ಆಚೆ ಕೂತು ರೆಕಾರ್ಡ್ ಮಾಡಿದವರು, ಮೂವರಿಗೂ ಆ ಹುಡುಗನ ಮುಖ ಗೊತ್ತಿತ್ತು. ಹಾಡಿನಲ್ಲಿ ಎಲ್ಲೂ ಬುದ್ಧಿಮಾತು ಇಲ್ಲ, ಹೀಗೆ ಮಾಡು ಹಾಗೆ ಮಾಡು ಅಂತ ಇಲ್ಲ. ನಿನಗೆ ಏನೋ ಆಗ್ತಾ ಉಂಟು, ನಾನು ಇಲ್ಲೇ ಇದ್ದೇನೆ ಅಂತ ಮಾತ್ರ ಇದೆ. ವೈಬ್ರಫೋನ್ ಕೂಡ ಮೆಲ್ಲ ಬಾಗಿಲು ತಟ್ಟಿದ ಹಾಗೆ ಬರುತ್ತದೆ.

ನನಗೂ ಹೀಗೆ ಮಾತು ನಿಲ್ಲಿಸಿದ ಗೆಳೆಯ ಒಬ್ಬನಿದ್ದ. ಎಷ್ಟೋ ಸಂಜೆ ಅವನ ಮನೆಯ ಜಗಲಿಯಲ್ಲಿ ಇಬ್ಬರೂ ಸುಮ್ನೆ ಕೂತಿದ್ದೇವೆ, ಅಡಿಕೆ ಸುಲಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಅವನು ಈಗ ಚೆನ್ನಾಗಿದ್ದಾನೆ. ಆ ದಿನಗಳಲ್ಲಿ ಈ ಹಾಡು ನನಗೆ ತುಂಬಾ ಆಸರೆ ಕೊಟ್ಟಿತ್ತು.

‘ಐಡ್ ರಾದರ್ ಬಿ ದಿ ಡೆವಿಲ್’ ಹಾಡಿನಲ್ಲಿ ಆ ಉರುಳಾಡುವ ಸದ್ದು ಎಷ್ಟು ಗಿಟಾರಿನದ್ದು? ಅಣ್ಣ ಮೂರು ಅಂತಾನೆ, ನಾನು ಎರಡು ಅಂತೇನೆ. ಇಬ್ಬರೂ ಗಿಟಾರ್ ಕಲೀತಾ ಇದ್ದೇವೆ. ಮತ್ತೆ, ಕರಿಯರ ಬ್ಲೂಸ್ ಬ್ರಿಟನ್ನಿನವರಿಗೆ ಹೇಗೆ ಹಿಡಿಯಿತು?
– ಪೆರ್ಲದಿಂದ

ಇಬ್ಬರೂ ಸೋತಿರಿ, ಒಂದೇ ಗಿಟಾರ್. ಮಾರ್ಟಿನ್ ಅದನ್ನು ವೇದಿಕೆಯಲ್ಲಿ ಒಬ್ಬರೇ ಕೂತು ನುಡಿಸುತ್ತಿದ್ದರು.

ಗುಟ್ಟು ಇರುವುದು ಎಕೋಪ್ಲೆಕ್ಸ್ ಎಂಬ ಪೆಟ್ಟಿಗೆಯಲ್ಲಿ. ನಿಮ್ಮ ತೋಟದ ಬದಿಯಲ್ಲಿ ನೀರಿಗಾಗಿ ಗುಡ್ಡ ಕೊರೆದ ಸುರಂಗ ಉಂಟಾ? ಪೆರ್ಲದ ಕಡೆ ಇಲ್ಲದ ತೋಟವೇ ಕಡಿಮೆ. ಉದ್ದದ ಸುರಂಗದ ಬಾಯಲ್ಲಿ, ಪಾದ ಮುಳುಗುವಷ್ಟು ತಣ್ಣಗಿನ ನೀರಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಮುರಕಲ್ಲಿನ ಒಳಗೆ ಹೋಗಿ ಆ ಚಪ್ಪಾಳೆ ಮೆತ್ತಗೆ ಹಿಂದೆ ಬರುತ್ತದೆ. ಅದು ಬರುವ ಮೊದಲು ಇನ್ನೊಂದು ತಟ್ಟಿ, ಈಗ ನಿಮ್ಮದೊಂದು ಸುರಂಗದ್ದೊಂದು, ನಿಮ್ಮದೊಂದು ಸುರಂಗದ್ದೊಂದು. ಒಬ್ಬರೇ ಇದ್ದು ಇಬ್ಬರ ತಾಳ. ಚಿಕ್ಕವರಿದ್ದಾಗ ನಾವು ನೀರಿಗೆ ಅಂತ ಹೋಗಿ ಕೊಡಪಾನ ಬದಿಗಿಟ್ಟು ಇದೇ ಆಟ ಆಡುತ್ತಿದ್ದೆವು, ಮನೆಯಿಂದ ಕರೆಯುವ ತನಕ.

ಎಕೋಪ್ಲೆಕ್ಸ್‌ನಲ್ಲಿ ಸುರಂಗದ ಬದಲು ಟೇಪ್. ಕ್ಯಾಸೆಟ್ಟಿನ ಒಳಗೆ ಇರುತ್ತಿತ್ತಲ್ಲ, ಅಂಥದ್ದೇ ಟೇಪು, ಎರಡೂ ತುದಿ ಅಂಟಿಸಿ ಸುತ್ತು ತಿರುಗುವ ಹಾಗೆ ಮಾಡಿದ್ದು. ಒಂದು ಹೆಡ್ ಗಿಟಾರಿನ ಸದ್ದನ್ನು ಟೇಪಿಗೆ ಹಾಕುತ್ತದೆ, ಸ್ವಲ್ಪ ಮುಂದೆ ಇರುವ ಇನ್ನೊಂದು ಹೆಡ್ ಅದನ್ನು ಓದಿ ಹೊರಗೆ ಬಿಡುತ್ತದೆ. ಎರಡು ಹೆಡ್‌ಗಳ ನಡುವಿನ ಅಂತರ ಹೆಚ್ಚು ಮಾಡಿದರೆ ಸದ್ದು ತಡವಾಗಿ ಬರುತ್ತದೆ, ಕಡಿಮೆ ಮಾಡಿದರೆ ಬೇಗ ಬರುತ್ತದೆ. ಬಂದ ಸದ್ದನ್ನೇ ಮತ್ತೆ ಟೇಪಿಗೆ ಹಾಕಿದರೆ ಅದು ಮರಿ ಹಾಕುತ್ತಾ ಹೋಗುತ್ತದೆ. ಮಾರ್ಟಿನ್ ಬಾರಿಸುವುದು ಆ ಮರಿಗಳ ನಡುವಿನ ಸಂದಿಯಲ್ಲಿ. ಅಮೆರಿಕದ ಜಾಝ್ ಕಲಾವಿದ ಫೇರೋ ಸ್ಯಾಂಡರ್ಸ್ ಅವರ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಗಿಟಾರಿನ ಸ್ವರವೂ ಹಾಗೆ ಉದ್ದಕ್ಕೆ ನಿಲ್ಲಬೇಕು ಅಂತ ಇದನ್ನು ತಂದದ್ದು. ಸ್ವರ ಹಿಡಿದಿಡಲು ತಂದ ಪೆಟ್ಟಿಗೆ ಲಯ ಕೊಟ್ಟಿತು! ಬದಿಯಡ್ಕದ ಓದುಗರು ಹೇಳಿದ ಹಾಗೆ ಶಬ್ದಗಳು ಬಾಯೊಳಗೆ ಕರಗುವುದೂ ಅದೇ ಕಾರಣಕ್ಕೆ, ತಮ್ಮ ದನಿಯನ್ನೂ ಅವರು ಸ್ಯಾಕ್ಸೊಫೋನಿನ ಹಾಗೆ ಬಳಸಲು ಹೊರಟಿದ್ದರು.

ಆ ಹಾಡು ಅವರದಲ್ಲ. ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ ಎಂಬ ಕಪ್ಪು ಹಾಡುಗಾರ 1931ರಲ್ಲಿ ರೆಕಾರ್ಡ್ ಮಾಡಿದ್ದು. ಆರ್ಥಿಕ ಕುಸಿತದ ಕಾಲ, ಡಿಸ್ಕ್ ಮಾರಾಟವೇ ಆಗಲಿಲ್ಲ, ಅವರು ಹಾಡುವುದನ್ನೇ ಬಿಟ್ಟರು. 1964ರಲ್ಲಿ ಯುವಕರು ಕೆಲವರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಅದೇ ವರ್ಷ ನ್ಯೂಪೋರ್ಟ್ ಉತ್ಸವದಲ್ಲಿ ಹಾಡಿದರು, 1969ರಲ್ಲಿ ತೀರಿಹೋದರು. ದಯವಿಟ್ಟು ಇಬ್ಬರೂ ಮೊದಲು ಸ್ಕಿಪ್ ಜೇಮ್ಸ್ ಅವರದು ಕೇಳಿ, ಆಮೇಲೆ ಮಾರ್ಟಿನ್ ಅವರದು. ಮೂಲದ ಹೆಸರು ‘ಡೆವಿಲ್ ಗಾಟ್ ಮೈ ವುಮನ್’. ಮೂರು ನಿಮಿಷದ ಆ ಹಾಡಿನ ಮುಂದೆ ನನಗೆ ಈಗಲೂ ಭಯಭಕ್ತಿ.

ಬ್ರಿಟನ್ನಿಗೆ ಬ್ಲೂಸ್ ಬಂದ ಕತೆ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಬ್ಲೂಸ್ ಹಾಡುಗಾರ ಬಿಗ್ ಬಿಲ್ ಬ್ರೂನ್ಜಿ 1951ರಲ್ಲಿ ಅಲ್ಲಿಗೆ ಹೋಗಿ ಹಾಡಿದರು, ಮಡ್ಡಿ ವಾಟರ್ಸ್ 1958ರಲ್ಲಿ. ಲಾನಿ ಡಾನೆಗನ್ ಎಂಬವರ ಹಾಡಿನಿಂದಾಗಿ 1956ರ ಹೊತ್ತಿಗೆ ಹುಡುಗರೆಲ್ಲ ಅಗ್ಗದ ಗಿಟಾರ್ ಕೊಂಡರು. ಆಮೇಲೆ ಬಂದವರು ಡೇವಿ ಗ್ರಹಾಂ. ತಂದೆ ಸ್ಕಾಟ್‌ಲೆಂಡಿನವರು, ತಾಯಿ ಗಯಾನಾದವರು, ಮೊರಾಕ್ಕೊ ತನಕ ಅಲೆದು ಬಂದು ಗಿಟಾರಿನ ಶ್ರುತಿಯನ್ನೇ ಬದಲಿಸಿ ಜಾನಪದ, ಬ್ಲೂಸ್, ಅರಬರ ಸಂಗೀತ ಎಲ್ಲವನ್ನೂ ಒಂದೇ ಕೈಯಲ್ಲಿ ತಂದರು. ಅವರ ‘ಆಂಜಿ’ ಎಂಬ ಪುಟ್ಟ ತುಣುಕನ್ನು ಕಲಿಯದ ಗಿಟಾರಿಗ ಆಗ ಅಲ್ಲಿ ಇರಲಿಲ್ಲ ಅಂದರೂ ನಡೆಯುತ್ತದೆ. ನೀವೂ ಕಲಿಯಿರಿ. ಲಂಡನ್ನಿನ ಗ್ರೀಕ್ ಸ್ಟ್ರೀಟಿನಲ್ಲಿ ನೆಲಮಾಳಿಗೆಯ ‘ಲೆ ಕಸಿನ್ಸ್’ ಕ್ಲಬ್ಬಿನಲ್ಲಿ ಇವರೆಲ್ಲ ರಾತ್ರಿಯಿಡೀ ಹಾಡುತ್ತಿದ್ದರು. ಗ್ಲಾಸ್ಗೊದಲ್ಲಿ ಬೆಳೆದ ಮಾರ್ಟಿನ್ ಕೂಡ ಬಂದು ಸೇರಿದ್ದು ಅಲ್ಲಿಗೇ.

ಇಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡ ಬಲ್ಲ ಅಧ್ಯಾಪಕರು ಸಿಗುವುದೇ ಕಷ್ಟ ಆಗಿದೆ. ನಮ್ಮ ಪದ್ಯಗಳು, ಪಾಡ್ದನಗಳು ಕೇಳುವವರಿಲ್ಲದೆ ಮರೆಯಾಗುತ್ತಿವೆ. ಇಂಥ ಹೊತ್ತಿನಲ್ಲಿ ಪುಟಗಟ್ಟಲೆ ಬ್ರಿಟಿಷರ ಹಾಡಿನ ಬಗ್ಗೆ ಯಾಕೆ ಬರೆಯಬೇಕು?
– ನಿವೃತ್ತ ಅಧ್ಯಾಪಕ, ಮಂಜೇಶ್ವರ

ಮಾಷ್ಟ್ರೇ, ನಿಮ್ಮ ಸಂಕಟ ನನ್ನದೂ ಹೌದು. ನಾನು ಕಲಿತದ್ದೂ ಅಂಥ ಶಾಲೆಯಲ್ಲೇ, ನನ್ನ ತಂಗಿಯ ಮಕ್ಕಳು ಕಲಿಯುತ್ತಿರುವುದೂ ಅಲ್ಲೇ.

ಆದರೆ ಒಂದು ವಿಷಯ ಕೇಳಿ. ಆ ಬ್ರಿಟಿಷ್ ಹುಡುಗರು ಅಮೆರಿಕದ ಬ್ಲೂಸ್‌ಗೆ ಮರುಳಾದ ಹೊತ್ತಿನಲ್ಲೇ ತಮ್ಮ ಅಜ್ಜಿಯರ ಹಾಡನ್ನೂ ಹುಡುಕಿಕೊಂಡು ಹೋದರು. ಸಸೆಕ್ಸ್‌ನ ಹಳ್ಳಿಹಾಡುಗಳನ್ನು ಬಾಯಿಪಾಠ ಬಲ್ಲ ಶರ್ಲಿ ಕಾಲಿನ್ಸ್, ಮೇಲೆ ಹೇಳಿದ ಡೇವಿ ಗ್ರಹಾಂ ಜೊತೆ ಸೇರಿ 1964ರಲ್ಲಿ ಒಂದು ಆಲ್ಬಮ್ ಮಾಡಿದರು. ಹಾಡು ಹಳೆಯದು, ಗಿಟಾರ್ ಪೂರಾ ಹೊಸದು. ಪೆಂಟಾಂಗಲ್, ಫೇರ್‌ಪೋರ್ಟ್ ಎಲ್ಲ ಆ ದಾರಿಯಲ್ಲೇ ಬಂದವರು. ಬೇರೆಯವರ ಸಂಗೀತ ಕೇಳಿದ ಕಿವಿಗೆ ಮನೆಯ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ. ನನಗೆ ಆದದ್ದೂ ಹಾಗೇ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಪದ್ಯವನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದವನು ನಾನು, ಆದರೆ ಮದ್ದಳೆಯನ್ನೇ ಬೇರೆಯಾಗಿ ಹಿಡಿದು ಕೇಳಲು ಶುರು ಮಾಡಿದ್ದು ಡ್ಯಾನಿ ಥಾಂಪ್ಸನ್ ಅವರ ಬಾಸ್ ಕೇಳಿದ ಮೇಲೆ.

ನಿಮ್ಮ ಮನೆಯ ಹತ್ತಿರ ನೇಜಿ ನೆಡುವಾಗ ಹಾಡುತ್ತಿದ್ದ ಹಿರಿಯರು ಯಾರಾದರೂ ಇದ್ದರೆ ಹೇಳಿ, ರೆಕಾರ್ಡರ್ ಹಿಡಿದು ನಾನೇ ಬರುತ್ತೇನೆ. ಹಾಡಿದ್ದನ್ನು ಬರೆದುಕೊಳ್ಳಲು ನೀವು ಜೊತೆಗಿರಬೇಕು. ಮುಂದಿನ ಸಂಚಿಕೆಯ ಈ ಪುಟ ಅದಕ್ಕೇ ಮೀಸಲು.

ಕಲ್ಟ್ ಆಲ್ಬಮ್ ಅಂದರೆ ಎಂತ?
– ಉಪ್ಪಳ

ಬಂದಾಗ ದೊಡ್ಡ ಹಿಟ್ ಆಗಿರುವುದಿಲ್ಲ, ಆದರೆ ಕೇಳಿದವರು ಬಿಡುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತಾರೆ. ‘ಸಾಲಿಡ್ ಏರ್’ನ ‘ಮೇ ಯು ನೆವರ್’ ಹಾಡು ಹೆಚ್ಚಿನವರಿಗೆ ಗೊತ್ತಾದದ್ದು 1977ರಲ್ಲಿ ಎರಿಕ್ ಕ್ಲಾಪ್ಟನ್ ಹಾಡಿದ ಮೇಲೆ. ನಮ್ಮ ಮನೆಗೆ ಈ ಆಲ್ಬಮ್ ಬಂದದ್ದು ಬಹರೈನ್‌ನಲ್ಲಿದ್ದ ಮಾವನ ಪೆಟ್ಟಿಗೆಯಲ್ಲಿ, ಟೈಗರ್ ಬಾಮ್ ಮತ್ತು ಹಾಲಿನ ಪುಡಿ ಡಬ್ಬದ ನಡುವೆ, ಯಾರೋ ಕಾಪಿ ಮಾಡಿ ಕೊಟ್ಟ ಕ್ಯಾಸೆಟ್ಟಾಗಿ. ಮೇಲೆ ಹೆಸರೂ ಇರಲಿಲ್ಲ. ಯಾರ ಹಾಡು ಅಂತ ಗೊತ್ತಾಗಲು ನನಗೆ ಆರು ವರ್ಷ ಹಿಡಿಯಿತು.

ಮಾರ್ಟಿನ್ ಹೆಂಡತಿಗೆ ಹೊಡೆಯುತ್ತಿದ್ದರು ಅಂತ ಓದಿದೆ. ಅದು ನಿಜವಾದರೆ ‘ಮೇ ಯು ನೆವರ್’ನಂಥ ಮೆತ್ತನೆಯ ಹಾಡು ನಂಬುವುದು ಹೇಗೆ? ನನಗೆ ಆಮೇಲೆ ಕೇಳಲು ಆಗಲೇ ಇಲ್ಲ.
– ಗೃಹಿಣಿ, ನೀರ್ಚಾಲು

ಅಕ್ಕಾ, ನೀವು ಓದಿದ್ದು ಬೆವರ್ಲಿ ಮಾರ್ಟಿನ್ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದದ್ದು. ಅವರ ಮಾತನ್ನು ನಾನು ನಂಬುತ್ತೇನೆ. ಕುಡಿತ, ಸಿಟ್ಟು, ಹೊಡೆತ, ಎಲ್ಲ ಅದರಲ್ಲಿದೆ. ಕಲಾವಿದರು ಅಂದ ಮೇಲೆ ಅಷ್ಟಿಷ್ಟು ಇರುತ್ತದೆ ಅಂತ ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ನಿಮಗೆ ಕೇಳಲು ಆಗದಿದ್ದರೆ ಕೇಳಬೇಡಿ, ಅದರಲ್ಲಿ ತಪ್ಪೇನಿಲ್ಲ. ನಾನು ಕೇಳುತ್ತೇನೆ, ಆದರೆ ಮೊದಲಿನ ಹಾಗೆ ಕೇಳಲು ನನಗೂ ಆಗುತ್ತಿಲ್ಲ. ‘ಮೇ ಯು ನೆವರ್’ ಬಂದಾಗ ಮನಸ್ಸು ಒಮ್ಮೆ ಹಿಂದೆ ಸರಿಯುತ್ತದೆ.

ಆಲ್ಬಮ್‌ನ ಹಿಮ್ಮೇಳದ ಬಗ್ಗೆ ಇಷ್ಟು ಬರೆದೆನಲ್ಲ, ಅದರಲ್ಲಿ ಇಲ್ಲದ ಹೆಸರು ಬೆವರ್ಲಿಯವರದು. ಮಾರ್ಟಿನ್‌ಗಿಂತ ಮೊದಲೇ ಹೆಸರು ಮಾಡಿದ್ದ ಹಾಡುಗಾರ್ತಿ, 1967ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವದಲ್ಲಿ ಹಾಡಿದವರು. ಮದುವೆಯಾದ ಮೇಲೆ 1970ರಲ್ಲಿ ಇಬ್ಬರ ಹೆಸರಿನಲ್ಲೂ ಎರಡು ಆಲ್ಬಮ್ ಬಂತು, ‘ಸ್ಟಾರ್ಮ್‌ಬ್ರಿಂಗರ್’ ಮತ್ತು ‘ದಿ ರೋಡ್ ಟು ರುಯಿನ್’. ಆಮೇಲೆ ರೆಕಾರ್ಡ್ ಕಂಪನಿಗೆ ಮಾರ್ಟಿನ್ ಒಬ್ಬರೇ ಸಾಕಾಯಿತು. ಅವರು ಊರೂರು ತಿರುಗಿ ಹಾಡುವಾಗ ಬೆವರ್ಲಿ ಹೇಸ್ಟಿಂಗ್ಸ್‌ನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಉಳಿದರು. ‘ಓವರ್ ದಿ ಹಿಲ್’ನಲ್ಲಿ ರೈಲು ಮರಳುವುದು ಆ ಮನೆಗೇ.

‘ದಿ ರೋಡ್ ಟು ರುಯಿನ್’ನಲ್ಲಿ ‘ಪ್ರಿಮ್‌ರೋಸ್ ಹಿಲ್’ ಅಂತ ಒಂದು ಹಾಡು ಇದೆ, ಬರೆದು ಹಾಡಿದ್ದು ಬೆವರ್ಲಿ. ಗುಡ್ಡದ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುವ ಸಣ್ಣ ಹಾಡು. 2004ರಲ್ಲಿ ಫ್ಯಾಟ್‌ಬಾಯ್ ಸ್ಲಿಮ್ ಎಂಬ ಬ್ರಿಟಿಷ್ ಡಿಜೆ ತಮ್ಮ ಒಂದು ಹಾಡಿಗೆ ಇದರ ತುಣುಕನ್ನೇ ಬಳಸಿದರು. 2014ರಲ್ಲಿ ಬೆವರ್ಲಿಯವರದೇ ಹೊಸ ಆಲ್ಬಮ್ ‘ದಿ ಫೀನಿಕ್ಸ್ ಅಂಡ್ ದಿ ಟರ್ಟಲ್’ ಬಂತು. ನಿಮಗೆ ಮಾರ್ಟಿನ್ ದನಿ ಬೇಡ ಅನ್ನಿಸಿದರೆ ಇದನ್ನು ಹಾಕಿ ಕೇಳಿ ಅಕ್ಕಾ. ದನಿ ವಯಸ್ಸಾದದ್ದು, ಅಲ್ಲಲ್ಲಿ ಒಡೆಯುತ್ತದೆ, ಆದರೆ ಒಂದು ಶಬ್ದವನ್ನೂ ನುಂಗುವುದಿಲ್ಲ. ಕೇಳಿ ಹೇಗಿತ್ತು ಅಂತ ಬರೆಯಿರಿ.